ಟೆಂಟಿನವರ ದಾರಿ

ಪೂರ್ವ ಸ್ಲೊವಾಕಿಯಾ
6 ಅಕ್ಟೋಬರ್ 2024

ಅಪ್ಪ, ಜೈಭೀಮ್.

ಫೋನ್ ಕಿವಿಗಿಟ್ಟರೆ ನಿನಗೆ ಬರೀ ಗುಯ್ ಅನ್ನುವುದು ಮಾತ್ರ ಕೇಳಿಸುತ್ತದೆ ಅಂತ ಅಮ್ಮ ಹೇಳಿದಳು. ಅಷ್ಟು ವರ್ಷ ದೊಡ್ಡಬಳ್ಳಾಪುರದ ಪವರ್‌ಲೂಮುಗಳ ಮಧ್ಯೆ ನಿಂತವನ ಕಿವಿ ಇನ್ನು ಹೇಗಿರುತ್ತೆ? ಅದಕ್ಕೇ ಕಾಗದದಲ್ಲಿ ಬರೆದು, ಫೋಟೊ ತೆಗೆದು, ಅಮ್ಮನ ಫೋನಿಗೆ ಕಳಿಸುತ್ತಿದ್ದೇನೆ. ನೀನೂ ಹಾಗೇ ಮಾಡು. ನಿನ್ನ ಅಕ್ಷರ ನೋಡಿದರೆ ನಿನ್ನ ದನಿ ಕೇಳಿದ ಹಾಗಾಗುತ್ತೆ ನನಗೆ.

ಕೆಲಸ ಹೆರಿಗೆ ವಾರ್ಡಿನಲ್ಲಿ. ನರ್ಸಿಂಗ್ ಓದಿ ಬಂದಿದ್ದರೂ ಇಲ್ಲಿಯ ಭಾಷೆಯ ಪರೀಕ್ಷೆ ಪಾಸಾಗುವ ತನಕ ಸಹಾಯಕಿ ಅಷ್ಟೆ. ಬೆಡ್‌ಶೀಟ್ ಬದಲಾಯಿಸುವುದು, ಬಾಣಂತಿಯರನ್ನು ನಡೆಸುವುದು, ಮಗು ಒರೆಸುವುದು. ಬೇಜಾರಿಲ್ಲ. ಊರು ಚಿಕ್ಕದು, ಅಚ್ಚುಕಟ್ಟು. ಚೌಕದಲ್ಲೊಂದು ಬೇಕರಿ ಇದೆ. ಕಾಫಿ ಚೆನ್ನಾಗಿದೆ.

ಮೊನ್ನೆ ಒಂದು ಆಶ್ಚರ್ಯ ನಡೆಯಿತು. ವಾರ್ಡಿನ ಕೊನೆಯ ಕೋಣೆಯಲ್ಲಿ ಒಬ್ಬಳು ನೋವಿನಲ್ಲಿ ಕೂಗುತ್ತಿದ್ದಳು. ಇಲ್ಲಿಯವರಂತೆ ಬಿಳಿ ಅಲ್ಲ, ನಮ್ಮ ಬಣ್ಣ, ನಮ್ಮಂಥ ಕೂದಲು. ನೋವಿನಲ್ಲಿ ಈ ದೇಶದ ಭಾಷೆ ಬಿಟ್ಟು ಮನೆಮಾತಿನಲ್ಲಿ ಕೂಗತೊಡಗಿದಳು. ಯಾರೂ ತಿರುಗಿ ನೋಡಲಿಲ್ಲ. ನನಗೆ ಒಂದು ಮಾತು ಮಾತ್ರ ತಿಳಿಯಿತು. "ಪಾನಿ, ಪಾನಿ" ಅನ್ನುತ್ತಿದ್ದಳು. ಓಡಿಹೋಗಿ ನೀರು ಕೊಟ್ಟೆ. ಕುಡಿದು ನನ್ನ ಕೈ ಹಿಡಿದುಕೊಂಡು ಏನೇನೋ ಕೇಳಿದಳು. ಇಷ್ಟು ದೂರ ಬಂದು ಹಿಮ ಬೀಳುವ ಊರಿನಲ್ಲಿ ನಿಂತಿದ್ದೇನೆ, ಒಬ್ಬಳು ಪಾನಿ ಅನ್ನುತ್ತಾಳೆ!

ಇವರನ್ನು ರೋಮಾ ಅನ್ನುತ್ತಾರೆ. ಜಿಪ್ಸಿಗಳು ಅಂತ ಕೇಳಿದ್ದೀಯಲ್ಲ, ಅವರೇ. ನೀನು ಓದುವವನು. ಗೊತ್ತಿದ್ದರೆ ಬರಿ.

ಮುನೀಂದ್ರನಿಗೆ ಹೇಳು, ಅಕ್ಕನಿಗೆ ಒಂದು ಮೆಸೇಜಾದರೂ ಹಾಕಲಿ.

ಮಗಳು
ಸಂಘಮಿತ್ರ


ಹೊಸ ಕಾಲನಿ, ದೊಡ್ಡಬೆಳವಂಗಲ ಹೋಬಳಿ
20 ಅಕ್ಟೋಬರ್ 2024

ಮಗಳು ಸಂಘಮಿತ್ರಳಿಗೆ ನಿನ್ನ ಅಪ್ಪ ಸಂಜೀವಪ್ಪನ ಜೈಭೀಮ್.

ನಿನ್ನ ಪತ್ರವನ್ನು ನಿನ್ನಮ್ಮ ಅಂಗನವಾಡಿಯಲ್ಲಿ ಎಲ್ಲರಿಗೂ ತೋರಿಸಿಕೊಂಡು ಬಂದಳು. ಆಮೇಲೆ ನನಗೆ ಕೊಟ್ಟಳು. ಬೇಕರಿ ಕಾಫಿ ಜಾಸ್ತಿ ಕುಡಿಯಬೇಡ, ನಿದ್ದೆ ಕೆಡುತ್ತದೆ.

ದೊಡ್ಡಬಳ್ಳಾಪುರದ ಲೈಬ್ರರಿಗೆ ಹೋಗಿ ಹುಡುಕಿದೆ. ರೋಮಾ ಜನ ಸಾವಿರ ವರ್ಷದ ಹಿಂದೆ ನಮ್ಮ ಉತ್ತರದ ಕಡೆಯಿಂದ ಹೊರಟವರಂತೆ. ಯಾಕೆ ಹೊರಟರೋ ಗಟ್ಟಿಯಾಗಿ ಯಾರಿಗೂ ಗೊತ್ತಿಲ್ಲ. ರುಮೇನಿಯಾ ಕಡೆ ಶತಮಾನಗಳ ಕಾಲ ಅವರನ್ನು ದನ ಮಾರಿದ ಹಾಗೆ ಮಾರಿದ್ದಾರೆ. ಹಿಟ್ಲರನ ಕಾಲದಲ್ಲಿ ಯಹೂದಿಗಳ ಜೊತೆ ಇವರನ್ನೂ ಲಕ್ಷಗಟ್ಟಲೆ ಕೊಂದರು. ಯಹೂದಿಗಳದು ನನಗೆ ಗೊತ್ತಿತ್ತು. ಇವರದು ಗೊತ್ತೇ ಇರಲಿಲ್ಲ. ಇಷ್ಟು ವಯಸ್ಸಾದ ಮೇಲೆ ಮೊದಲ ಸಲ ಓದಿ, ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ. ಲೈಬ್ರರಿಯವರು ಬಂದು "ಯಜಮಾನ್ರೇ, ಬಾಗ್ಲಾಕ್ಬೇಕು" ಅಂತ ಭುಜ ಅಲ್ಲಾಡಿಸಿದರು.

ಪಾನಿ ಅಂದೆಯಲ್ಲ. ನಮ್ಮ ಕೆರೆಯ ಪಕ್ಕದ ಗೋಮಾಳದಲ್ಲಿ ಟೆಂಟು ಹಾಕಿಕೊಂಡಿರುವ ಹಕ್ಕಿಪಿಕ್ಕಿಯವರು ನಿನಗೆ ನೆನಪಿರಬೇಕು. ಪ್ಲಾಸ್ಟಿಕ್ ಹೂ, ಪಿನ್ನು, ತಲೆಗೆಣ್ಣೆ ಮಾರುತ್ತಾರೆ. ಅವರಲ್ಲಿ ಹಿರಿಯಳು ಜಪಾನಮ್ಮ. ನಗಬೇಡ, ಅದೇ ಹೆಸರು. ಅವಳು ಹುಟ್ಟಿದಾಗ ಅಪ್ಪ ಎಲ್ಲಿಂದಲೋ ಜಪಾನ್ ಸೀರೆ ತಂದಿದ್ದನಂತೆ. ನಿನ್ನ ಪತ್ರ ಓದಿದ ಮೇಲೆ ಅವಳನ್ನು ಕೇಳಿದೆ.

"ನಿಮ್ ಮಾತಲ್ಲಿ ನೀರಿಗೆ ಏನಂತಾರವ್ವ?"

"ಪಾಣಿ ಅಂತೀವಿ. ಯಾಕಣ್ಣ, ಕೊಡ್ತೀಯಾ?"

ಅವಳು ನಕ್ಕಳು. ನಾನೂ ನಕ್ಕೆ. ಅವರಿಗೆ ನಲ್ಲಿ ಇಲ್ಲ. ಸೈಟು ಕೊಡುತ್ತೇವೆ ಅಂತ ತಾಲ್ಲೂಕು ಕಚೇರಿಯವರು ಹೇಳಿ ಹೋಗಿದ್ದಾರೆ. ಅವಳ ಸೊಸೆ ಪ್ರಿಯಾಂಕ ಬಸುರಿ. ಚೊಚ್ಚಲು. ಅಂಗನವಾಡಿಗೆ ಮೊಟ್ಟೆಗೆ ಬರುತ್ತಾಳೆ. ನಿನ್ನಮ್ಮನಿಗೆ ಅವಳ ಮೇಲೆ ಅಕ್ಕರೆ.

ಮುನೀಂದ್ರ ಚೆನ್ನಾಗಿದ್ದಾನೆ. ಬೆಳಗಿನ ಹೊತ್ತು ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಾನೆ. ಮಿಕ್ಕ ಹೊತ್ತು ಆದಿನಾರಾಯಣಪ್ಪನವರ ಹೊಸ ಲೇಔಟಿನ ಉಸ್ತುವಾರಿ. ಕೆರೆಯ ಈಚೆಗಿನ ಅವರ ಹೊಲವೆಲ್ಲ ಈಗ ಲೇಔಟು. ನಮ್ಮ ಹುಡುಗನಿಗೆ ಅಂಥ ದೊಡ್ಡವರು ಕುರ್ಚಿ ಹಾಕಿ ಕೂರಿಸುತ್ತಾರೆ. ನನ್ನ ಕಾಲದಲ್ಲಿ ಅವರ ಜಗಲಿಯ ಹತ್ತಿರ ಸುಳಿಯುವ ಹಾಗಿರಲಿಲ್ಲ.

ಅಪ್ಪ


ಪೂರ್ವ ಸ್ಲೊವಾಕಿಯಾ
17 ನವೆಂಬರ್ 2024

ಅಪ್ಪ, ಜೈಭೀಮ್.

ಮೊದಲ ಪತ್ರದಲ್ಲಿ ಒಂದು ಸುಳ್ಳು ಬರೆದಿದ್ದೆ. ಬೇಕರಿ ಕಾಫಿ ನಾನು ಕುಡಿದೇ ಇಲ್ಲ. ಬಂದ ವಾರ ಹೋಗಿ ಕೂತಾಗ ಹುಡುಗಿ ಬಂದು ಈ ಟೇಬಲ್ ರಿಸರ್ವ್ ಆಗಿದೆ ಅಂದಳು. ಪಕ್ಕದ್ದಕ್ಕೆ ಹೋದೆ. ಅದೂ ರಿಸರ್ವ್. ಅಂಗಡಿ ಪೂರ್ತಿ ಖಾಲಿ ಇತ್ತು, ಅಪ್ಪ. ನನಗೆ ಅರ್ಥವಾಗಲಿಲ್ಲ. ಭಾಷೆ ಬರದೆ ತಪ್ಪು ತಿಳಿದಿದ್ದೇನೆ ಅಂದುಕೊಂಡು ಎದ್ದು ಬಂದೆ. ಸೂಪರ್‌ಮಾರ್ಕೆಟ್ಟಿನಲ್ಲಿ ಗಾರ್ಡು ನನ್ನ ಹಿಂದೆಯೇ ನಡೆಯುತ್ತಾನೆ. ನನ್ನನ್ನು ರೋಮಾ ಹೆಂಗಸು ಅಂದುಕೊಂಡಿದ್ದಾರೆ ಅಂತ ತಿಳಿಯಲು ನನಗೆ ತಿಂಗಳು ಬೇಕಾಯಿತು.

ಆ ಕೊನೆಯ ಕೋಣೆ ಇದೆಯಲ್ಲ, ನೀರು ಕೇಳಿದವಳು ಇದ್ದದ್ದು. ಅದು "ಅವರ" ಕೋಣೆಯಂತೆ. ರೋಮಾ ಬಾಣಂತಿಯರನ್ನೆಲ್ಲ ಅಲ್ಲೇ ತುಂಬುತ್ತಾರೆ. ಮುಂದಿನ ಕೋಣೆಗಳಲ್ಲಿ ಮಂಚ ಖಾಲಿ ಬಿದ್ದಿರುತ್ತದೆ, ಇಲ್ಲಿ ಇಬ್ಬರಿಗೊಂದು ಮಂಚ. ಬಚ್ಚಲೂ ಬೇರೆ. ಬಾಗಿಲ ಮೇಲೆ ಏನೂ ಬರೆದಿಲ್ಲ. ಎಲ್ಲರಿಗೂ ಗೊತ್ತು, ಅಷ್ಟೆ. ದೊಡ್ಡ ನರ್ಸ್ ಮಾರ್ಟಾ ನನಗೆ ಇದನ್ನು ಎಷ್ಟು ಸಲೀಸಾಗಿ ಹೇಳಿದಳು ಅಂದರೆ, ಔಷಧದ ಬೀರು ಎಲ್ಲಿದೆ ಅಂತ ತೋರಿಸಿದ ಹಾಗೆ. "ಅವರಿಗೂ ಹಾಗೇ ಇಷ್ಟ" ಅಂದಳು.

ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ನೀನು ಹೇಳುತ್ತಿದ್ದ ಹೋಟೆಲಿನ ಬೇರೆ ಲೋಟದ ಕಥೆ ಹಳೇ ಕಾಲದ್ದು ಅಂತ ನಾನು ಅಂದುಕೊಂಡಿದ್ದೆ. ಯೂರೋಪಿನಲ್ಲಿ, ಆಸ್ಪತ್ರೆಯಲ್ಲಿ, ಈಗ.

ಅಲ್ಲಿ ನೆಲ ಒರೆಸುವ ಯೊಲಾನಾ ಅನ್ನುವ ರೋಮಾ ಹೆಂಗಸು ನನ್ನ ಪಕ್ಕ ಬಂದು ಕೂತಳು. ನಿನಗಿಂತ ಸ್ವಲ್ಪ ಚಿಕ್ಕವಳು. ತನ್ನ ಮೂಗು ಮುಟ್ಟಿ "ನಖ್" ಅಂದಳು. ಕಿವಿ ಮುಟ್ಟಿ "ಕನ್". ನನಗೆ ಬರುವ ಹಿಂದಿಯಲ್ಲಿ ನಾನೂ ಹೇಳಿದೆ. ಇಬ್ಬರೂ ನಗುತ್ತಾ ಅತ್ತೆವು.

ಭಾನುವಾರ ಅವಳ ಮನೆಗೆ ಹೋಗಿದ್ದೆ. ಊರು ಮುಗಿದು ಹಳ್ಳ ದಾಟಿದ ಮೇಲೆ ಅವರ ಕೇರಿ. ಅಷ್ಟು ಮನೆಗೂ ಒಂದೇ ಕೈಪಂಪು. ಊರಿಗೂ ಕೇರಿಗೂ ಮಧ್ಯೆ ಉದ್ದಕ್ಕೆ ಕಾಂಕ್ರೀಟಿನ ಗೋಡೆ ಕಟ್ಟಿದ್ದಾರೆ. ಫೋಟೊ ಕಳಿಸಿದ್ದೇನೆ. ಮಕ್ಕಳು ಶಾಲೆಗೆ ಆ ಗೋಡೆ ಸುತ್ತಿ ಹೋಗಬೇಕು. ಮುನೀಂದ್ರನಿಗೂ ತೋರಿಸು. ಏರ್‌ಪೋರ್ಟಿನಲ್ಲಿ ಫಾರಿನ್ ಫಾರಿನ್ ಅಂತ ಬಾಯಿ ಬಿಡುತ್ತಾನಲ್ಲ, ಫಾರಿನ್ ಅಂದರೆ ಇದು ಅಂತ ನೋಡಲಿ.

ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಬೇಡ. ಹೆದರುತ್ತಾಳೆ.

ಸಂಘಮಿತ್ರ


ಹೊಸ ಕಾಲನಿ
15 ಡಿಸೆಂಬರ್ 2024

ಮಗಳೇ, ಜೈಭೀಮ್.

ಉತ್ತರ ತಡವಾಯಿತು. ಶೀತ ಆಗಿತ್ತು. ಈಗ ವಾಸಿ.

ನಿನ್ನ ಪತ್ರ ಎರಡು ಸಲ ಓದಿದೆ. ಆ ಬೇಕರಿಗೆ ಮತ್ತೆ ಹೋಗಬೇಡ. ಆದರೆ ಜಗಳಕ್ಕೂ ಹೋಗಬೇಡ. ಒಬ್ಬಳೇ ಇದ್ದೀಯ, ಅವರ ದೇಶ. ಪರೀಕ್ಷೆ ಮುಗಿಸಿಕೋ, ಮೊದಲು ನರ್ಸ್ ಆಗು, ಆಮೇಲೆ ಮಾತಾಡು.

ಗೋಡೆಯ ಫೋಟೊ ಮುನೀಂದ್ರನಿಗೆ ತೋರಿಸಿದೆ. ನೋಡಿದ.

ನಿನ್ನಮ್ಮ ನೀನು ಬಿಟ್ಟುಹೋದ ಸ್ವೆಟರನ್ನು ಪ್ರಿಯಾಂಕಳಿಗೆ ಕೊಟ್ಟಳು. ಹೊಟ್ಟೆಯ ಮೇಲೆ ಬಟನ್ ಕೂಡುವುದಿಲ್ಲ. ಆದರೂ ಹಾಕಿಕೊಂಡು ತಿರುಗುತ್ತಾಳೆ. ಟೆಂಟಿನವರ ಸೈಟಿನ ವಿಷಯ ಇನ್ನೂ ಮುಂದುವರಿದಿಲ್ಲ. ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಿನಗೆ ಅದೆಲ್ಲ ಯಾಕೆ.

ರಾಗಿ ಕಟಾವು ಆಯಿತು. ಚಳಿ ಚೆನ್ನಾಗಿದೆ.

ಅಪ್ಪ


ಪೂರ್ವ ಸ್ಲೊವಾಕಿಯಾ
12 ಜನವರಿ 2025

ಅಪ್ಪ, ಜೈಭೀಮ್.

ನಿನ್ನ ಪತ್ರ ಇಷ್ಟು ಚಿಕ್ಕದಾಗಿದ್ದದ್ದು ನಾನು ಕಂಡಿಲ್ಲ. ಇನ್ನೂ ಶೀತ ಇದೆಯಾ? ಅಥವಾ ನಾನು ಕೆಲಸ ಕಳೆದುಕೊಳ್ಳುತ್ತೇನೆ ಅಂತ ಹೆದರಿ ಬಿಗಿಯಾಗಿದ್ದೀಯಾ? ಹೆದರಬೇಡ.

ಯೊಲಾನಾಗೆ ಒಬ್ಬನೇ ಮಗ. ಇನ್ನೊಂದು ಯಾಕೆ ಆಗಲಿಲ್ಲ ಅಂತ ನಾನು ಪೆದ್ದಿ ಹಾಗೆ ಕೇಳಿದೆ. ಅವಳು ಒರೆಸುವ ಬಟ್ಟೆ ಬಕೆಟ್ಟಿಗೆ ಹಾಕಿ ನನ್ನನ್ನು ನೋಡಿದಳು. ಹತ್ತೊಂಬತ್ತು ವರ್ಷದವಳಿದ್ದಾಗ ಬೇರೆ ಊರಿನ ಆಸ್ಪತ್ರೆಯಲ್ಲಿ ಹೆರಿಗೆ ಆಪರೇಷನ್ ಆಯಿತಂತೆ. ನೋವಿನಲ್ಲಿ ಒದ್ದಾಡುವಾಗ ಇಲ್ಲಿ ಸಹಿ ಹಾಕು, ಇಲ್ಲದಿದ್ದರೆ ಸಾಯುತ್ತೀಯ ಅಂದರಂತೆ. ಹಾಕಿದಳು. ಆಮೇಲೆ ವರ್ಷಗಟ್ಟಲೆ ಮಗುವಿಗಾಗಿ ಕಾದಳು. ಗಂಡ ಬೈದ, ಅತ್ತೆ ಬೈದಳು. ಕೊನೆಗೆ ಯಾವುದೋ ಹೊಟ್ಟೆನೋವಿಗೆ ತೋರಿಸಲು ಹೋದಾಗ ಡಾಕ್ಟರು "ನಿನಗೆ ಆಪರೇಷನ್ ಆಗಿದೆಯಲ್ಲ, ಗೊತ್ತಿಲ್ವಾ?" ಅಂದರಂತೆ. ಅವಳೊಬ್ಬಳಲ್ಲ, ಅಪ್ಪ. ಹೀಗೆ ಎಷ್ಟೋ ರೋಮಾ ಹೆಂಗಸರಿಗೆ ಕೇಳದೆ, ಹೇಳದೆ ಮಾಡಿದ್ದಾರೆ. ಎರಡು ಸಾವಿರದ ಇಪ್ಪತ್ತೊಂದರಲ್ಲಿ ಸರ್ಕಾರ ಕ್ಷಮೆ ಕೇಳಿತಂತೆ. "ಟೀವಿಯಲ್ಲಿ ಕೇಳಿದರು. ನಾನು ಆಗ ಇದೇ ನೆಲ ಒರೆಸುತ್ತಿದ್ದೆ" ಅಂದಳು.

ನಾನು ನರ್ಸ್. ಅದೇ ಯೂನಿಫಾರ್ಮು. ಅವಳ ಮುಂದೆ ನಿಲ್ಲಲಾಗಲಿಲ್ಲ ನನಗೆ.

ಅವಳ ಅಜ್ಜಿಯ ಕಾಲದಲ್ಲಿ, ಯುದ್ಧದ ಹೊತ್ತಿಗೆ, ರೋಮಾಗಳ ಗುಡಿಸಲು ದೊಡ್ಡ ರಸ್ತೆಗಳ ಹತ್ತಿರ ಇರಕೂಡದು ಅಂತ ಹುಕುಂ ಬಂತಂತೆ. ಹೋಗಿಬರುವವರ ಕಣ್ಣಿಗೆ ಇವರು ಬೀಳಬಾರದು. ಮನೆ ಬಿಚ್ಚಿ ಹೊತ್ತುಕೊಂಡು ಕಾಡಿನಂಚಿಗೆ ಹೋದರು. ಈಗಿರುವ ಕೇರಿ ಅದೇ.

ಮೊನ್ನೆ ಮಾರ್ಟಾ ಕೇಳಿಯೇಬಿಟ್ಟಳು. ನೀನು ಯೊಲಾನಾ ಜೊತೆ ಅವರ ಭಾಷೆಯಲ್ಲಿ ಮಾತಾಡುತ್ತೀಯಲ್ಲ, ನೀನೂ ಅವರಲ್ಲಿ ಒಬ್ಬಳಾ? ನಾನು ಇಲ್ಲ, ಇಂಡಿಯಾದವಳು ಅಂದೆ. ಅವಳ ಮುಖದಲ್ಲಿ ಎಂಥ ನೆಮ್ಮದಿ ಬಂತು ಗೊತ್ತಾ? ಬೆಂಗಳೂರಿನಲ್ಲಿ ರೂಮು ಹುಡುಕುವಾಗ ಓನರಮ್ಮ "ನೀವು ಯಾವ ಜನ?" ಅಂತ ಕೇಳಿ ನಮ್ಮ ಬಾಯನ್ನೇ ನೋಡುತ್ತಿದ್ದಳಲ್ಲ, ಆ ಕಣ್ಣು. ಆವತ್ತು ನಿಜ ಹೇಳಿ ರೂಮು ಸಿಗದೆ ಹೋಯಿತು. ಇಲ್ಲಿ ನಿಜ ಹೇಳಿದ್ದಕ್ಕೆ ಜಾಗ ಸಿಕ್ಕಿತು. ಯಾವುದು ಹೆಚ್ಚು ಕೆಟ್ಟದ್ದು ಅಂತ ಯೋಚಿಸುತ್ತಿದ್ದೇನೆ.

ಅಂದ ಹಾಗೆ, ಮುನೀಂದ್ರನ ಸ್ಟೇಟಸ್ಸಿನಲ್ಲಿ ಒಂದು ಗೋಡೆ ನೋಡಿದೆ. ಹೊಸ ಗೇಟು, ಅವನು ಕನ್ನಡಕ ಹಾಕಿಕೊಂಡು ಮುಂದೆ ನಿಂತಿದ್ದಾನೆ. ಹಿಂದೆ ಕಾಣುವುದು ನಮ್ಮ ಕೆರೆ ಅಲ್ಲವಾ? ಟೆಂಟಿನವರು ಓಡಾಡುವ ಗಾಡಿದಾರಿ ಅಲ್ಲೇ ಇತ್ತಲ್ಲ?

ಸಂಘಮಿತ್ರ


ಹೊಸ ಕಾಲನಿ
2 ಫೆಬ್ರವರಿ 2025

ಮಗಳೇ,

ಇದನ್ನು ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ನಿನ್ನಮ್ಮ ಫೋನ್ ಮುಟ್ಟಲು ಬಿಡುತ್ತಿಲ್ಲ. ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಯಾಕೆ ಅಂತ ಓದಿದ ಮೇಲೆ ನಿನಗೆ ತಿಳಿಯುತ್ತದೆ. ಕೂತುಕೊಂಡು ಓದು.

ನೀನು ಕೇಳಿದ್ದು ಸರಿ. ಅದು ಟೆಂಟಿನವರ ದಾರಿಯೇ. ಗೋಮಾಳದಲ್ಲಿ ಹಕ್ಕಿಪಿಕ್ಕಿಗಳಿಗೆ ಸೈಟು ಕೊಟ್ಟರೆ ಪಕ್ಕದ ಲೇಔಟಿನ ಸೈಟು ಯಾರೂ ಕೊಳ್ಳುವುದಿಲ್ಲ ಅಂತ ಆದಿನಾರಾಯಣಪ್ಪನವರಿಗೆ ಚಿಂತೆ. ಅವರಿಗೆ ಅಲ್ಲಿ ಸೈಟು ಕೊಡಬೇಡಿ ಅಂತ ತಾವೇ ಅರ್ಜಿ ಹಾಕಿದರೆ ಚೆನ್ನಾಗಿ ಕಾಣುವುದಿಲ್ಲ. ಅದಕ್ಕೆ ನಮ್ಮ ಕಾಲನಿಯವರ ಕೈಯಲ್ಲಿ ಹಾಕಿಸಿದರು. ಅಂಬೇಡ್ಕರ್ ಭವನಕ್ಕೆ ಲೇಔಟಿನಲ್ಲಿ ಮೂಲೆ ಜಾಗ ಕೊಡುತ್ತೇನೆ ಅಂದರು. ನವೆಂಬರಿನಲ್ಲಿ ಕಾಲನಿಯಲ್ಲಿ ಸಭೆ ನಡೆಯಿತು. ಎದ್ದು ನಿಂತು ಮಾತಾಡಿದವನು ನಿನ್ನ ತಮ್ಮ.

"ಈಗ್ಲೇ ನಮ್ಮನ್ನ ಊರಾಚೆಯೋರು ಅಂತಾರೆ. ಇವ್ರನ್ನ ಪಕ್ಕದಾಗೆ ತಂದು ಕೂರ್ಸಿದ್ರೆ ನಮ್ ಕಾಲನೀನೂ ಟೆಂಟು ಅಂತಾರೆ. ನಾವು ಮುಂದಕ್ಕೆ ಬರೋದು ಬೇಡ್ವಾ?"

ನಾನು ಬೇಡ ಅಂದೆ. ಬಾಬಾಸಾಹೇಬರ ಹೆಸರಿನ ಕಟ್ಟಡಕ್ಕೆ ಇಂಥ ಜಾಗ ಬೇಡ ಅಂದೆ. ನಮ್ಮ ಪಿಳ್ಳಣ್ಣ ನಗುತ್ತಾ, "ಸಂಜೀವಣ್ಣಂಗೆ ಸರಿಯಾಗಿ ಕೇಳ್ಸಿಲ್ಲ, ಬಿಡ್ರಪ್ಪಾ" ಅಂದ. ಎಲ್ಲರೂ ನಕ್ಕರು. ನಾನು ಎದ್ದು ಬಂದೆ. ನಿನಗೆ ಬರೆಯಲಿಲ್ಲ. ನೀನು ಅಲ್ಲಿಯ ಗೋಡೆ ನೋಡಿ ನಡುಗುತ್ತಿದ್ದೆ. ನಮ್ಮ ಮನೆಯ ಮಗ ಗೋಡೆ ಕಟ್ಟಿಸುತ್ತಿದ್ದಾನೆ ಅಂತ ಯಾವ ಬಾಯಲ್ಲಿ ಹೇಳಲಿ? ನಿನ್ನ ಫೋಟೊ ತೋರಿಸಿದಾಗ ಅವನು ಏನಂದ ಗೊತ್ತಾ? ಹತ್ತಿರ ಹಿಡಿದು ನೋಡಿ, "ನಮ್ದು ಇದಕ್ಕಿಂತ ಎತ್ತರ ಬರ್ತೈತೆ ಕಣಪ್ಪಾ" ಅಂದ. ಹೆಮ್ಮೆಯಿಂದ ಅಂದ.

ಜನವರಿಯಲ್ಲಿ ಗೋಡೆ ಎದ್ದಿತು. ಗಾಡಿದಾರಿಗೆ ಕಬ್ಬಿಣದ ಗೇಟು ಹಾಕಿ ಬೀಗ ಜಡಿದರು. ಬೀಗದ ಕೈ ಮುನೀಂದ್ರನ ಹತ್ತಿರ. ಟೆಂಟಿನವರು ಕೆರೆ ಏರಿಯ ಮೇಲೆ ಸುತ್ತಿ ಬರಬೇಕು. ಏರಿಯ ಮೇಲೆ ವಾಹನ ಬರುವುದಿಲ್ಲ.

ಕಳೆದ ಗುರುವಾರ ಮಧ್ಯಾಹ್ನ. ನಾನು ಉಂಡು ಪೇಪರು ಹಿಡಿದು ಕೂತಿದ್ದೆ. ನಿನ್ನಮ್ಮ ಅಂಗನವಾಡಿಯಲ್ಲಿದ್ದಳು. ಮುನೀಂದ್ರ ಚಾಪೆಯ ಮೇಲೆ ಮಲಗಿದ್ದವನು ಎದ್ದು ಬಾಗಿಲಿಗೆ ಹೋದ. ಬಾಗಿಲು ಅರ್ಧ ತೆಗೆದು ಯಾರ ಜೊತೆಯೋ ಮಾತಾಡಿದ. ನನಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ತುಟಿ ಕಾಣದೆ ಮಾತು ತಿಳಿಯಲಿಲ್ಲ. ಬಾಗಿಲು ಹಾಕಿ ಚಿಲಕ ಇಟ್ಟು ಬಂದು ಮಲಗಿದ. ನಾನು ಕೇಳಿದೆ.

"ಯಾರ್ಲಾ ಅದು?"

ಪಿನ್ನು ಮಾರೋರು ಅಂತ ಕೈಯಲ್ಲಿ ತಲೆ ತೋರಿಸಿದ. ನಾನು ಪೇಪರು ಓದಿದೆ, ಮಗಳೇ. ಪೂರ್ತಿ ಓದಿದೆ.

ಸಂಜೆ ನಿನ್ನಮ್ಮ ಎದೆ ಬಡಿದುಕೊಳ್ಳುತ್ತಾ ಬಂದಳು. ಪ್ರಿಯಾಂಕಳಿಗೆ ನೋವು ಬಂದಿದೆ. ಜಪಾನಮ್ಮ ಫೋನ್ ಮಾಡಿಸಿ ಆಂಬುಲೆನ್ಸ್ ಕರೆಸಿದ್ದಾಳೆ. ಅದು ಬಂದು ಗೇಟಿನ ಈಚೆ ನಿಂತಿದೆ. ಆಚೆ ಆ ಹುಡುಗಿ ನೆಲದ ಮೇಲೆ. ಡ್ರೈವರು ಹಾರನ್ ಹೊಡೆದಿದ್ದಾನೆ. ಇಡೀ ಕಾಲನಿಗೆ ಕೇಳಿಸಿದೆ. ಜಪಾನಮ್ಮ ಏರಿ ಸುತ್ತಿ ಓಡಿ ಬಂದು ನಮ್ಮ ಬಾಗಿಲು ಬಡಿದಿದ್ದಾಳೆ. ಕಾಲು ಹಿಡಿದಿದ್ದಾಳೆ. ಇವನು "ಸಾಹೇಬ್ರು ಹೇಳ್ದೆ ತೆಗೆಯಂಗಿಲ್ಲ, ಏರಿ ಮೇಲೆ ಹೊತ್ಕೊಂಡ್ ಬನ್ನಿ" ಅಂದನಂತೆ. ಸಾಹೇಬರು ಫೋನ್ ತೆಗೆಯಲಿಲ್ಲವಂತೆ. ಹೊತ್ತುಕೊಂಡೇ ಬಂದರು, ಕಂಬಳಿಯಲ್ಲಿ. ಏರಿಯ ಮೇಲೆಯೇ ಹೆರಿಗೆ ಆಯಿತು. ಮಗು ಉಸಿರಾಡಲಿಲ್ಲ. ಹುಡುಗಿ ಉಳಿದಳು, ಆಸ್ಪತ್ರೆಯಲ್ಲಿದ್ದಾಳೆ.

ಬಾಗಿಲಿಂದ ನಾನು ಎಷ್ಟು ದೂರ ಇದ್ದೆ ಅಂತ ನಿನಗೆ ಗೊತ್ತು. ನಮ್ಮ ಮನೆ ನಿನಗೆ ಗೊತ್ತು.

ಅವನನ್ನು ಹಿಡಿದು ಕೇಳಿದೆ. "ನಂಗೇನ್ ಗೊತ್ತಿತ್ತು ಹಿಂಗಾಗುತ್ತೆ ಅಂತ" ಅಂದ. ಅಳುತ್ತಿದ್ದ. ಆಮೇಲೆ "ಯಾರ ಮುಂದೇನೂ ಬಾಯಿ ಬಿಡ್ಬ್ಯಾಡ" ಅಂದ. ನಾನು ಮಾರನೇ ದಿನ ಠಾಣೆಗೆ ಹೋಗಿ ಕಂಡದ್ದನ್ನು ಹೇಳಿ ಬಂದೆ. ಅವನು ಬಾಗಿಲು ತೆಗೆದದ್ದು, ಹಾಕಿದ್ದು, ನನಗೆ ಸುಳ್ಳು ಹೇಳಿದ್ದು. ಆದಿನಾರಾಯಣಪ್ಪನವರ ಹೆಸರೂ ಹೇಳಿದೆ. ಇನ್ಸ್‌ಪೆಕ್ಟರು ಎರಡು ಸಲ ಕೇಳಿದರು, "ನಿಮ್ ಮಗಾನೇನ್ರೀ?" ಹೌದು ಅಂದೆ.

ನಿನ್ನಮ್ಮ ಅವನನ್ನು ಕರೆದುಕೊಂಡು ನೆಲಮಂಗಲಕ್ಕೆ, ತನ್ನ ತಮ್ಮನ ಮನೆಗೆ ಹೊರಟಿದ್ದಾಳೆ. ಅವಳನ್ನು ಬೈಯಬೇಡ. ಹೆತ್ತವಳು.

ಅಪ್ಪ


ಪೂರ್ವ ಸ್ಲೊವಾಕಿಯಾ
9 ಫೆಬ್ರವರಿ 2025

ಅಪ್ಪ, ಜೈಭೀಮ್!

ಎಷ್ಟು ದಿನವಾಯಿತು, ಪತ್ರವಿಲ್ಲ. ಅಮ್ಮ ಫೋನಿನಲ್ಲಿ "ಎಲ್ಲಾ ಚೆನ್ನಾಗವ್ರೆ" ಅಂದು ಇಟ್ಟುಬಿಡುತ್ತಾಳೆ. ಇರಲಿ, ಇವತ್ತು ನನ್ನ ಸುದ್ದಿ ಕೇಳು.

ಯೊಲಾನಾಳ ತಂಗಿ ಮಗಳು ರೆನಾಟ ಹೆರಿಗೆಗೆ ಬಂದಳು. ಕೊನೆಯ ಕೋಣೆ ತುಂಬಿತ್ತು. ಕಾರಿಡಾರಿನಲ್ಲಿ ಕಾಯಲಿ ಅಂದರು. ನಾನು ಅವಳ ಕೈ ಹಿಡಿದು ಮುಂದಿನ ಕೋಣೆಗೆ ಕರೆದುಕೊಂಡು ಹೋಗಿ ಕಿಟಕಿ ಪಕ್ಕದ ಖಾಲಿ ಮಂಚದ ಮೇಲೆ ಮಲಗಿಸಿಬಿಟ್ಟೆ. ಅಲ್ಲಿದ್ದವಳು ಮಾರ್ಟಾಳನ್ನು ಕರೆದಳು. ಮಾರ್ಟಾ ಬಂದು ಯಾಕೆ ಅಂದಳು. ಮಂಚ ಖಾಲಿ ಇತ್ತು ಅಂದೆ. ಅಷ್ಟೇ ಅಂದೆ. ಅವಳು ಏನೋ ಹೇಳಲು ಬಾಯಿ ತೆಗೆದಳು, ಅಷ್ಟರಲ್ಲಿ ಡಾಕ್ಟರು ಬಂದರು, ರೆನಾಟ ಕಿರುಚಿದಳು, ಮಗುವಿನ ತಲೆ ಕಂಡಿತು! ಗಂಡು ಮಗು. ಮೊದಲು ಎತ್ತಿಕೊಂಡವಳು ನಾನು.

ನನ್ನ ಮೇಲೆ ದೂರು ಹೋಗಿದೆ. ಏನಾಗುತ್ತೋ ಆಗಲಿ. ನಿನ್ನ ಮನೆಯಲ್ಲಿ ಹುಟ್ಟಿ ಇಷ್ಟೂ ಮಾಡದಿದ್ದರೆ ಹೇಗೆ?

ಪ್ರಿಯಾಂಕಳಿಗೂ ತಿಂಗಳು ತುಂಬಿರಬೇಕಲ್ಲ? ಚೊಚ್ಚಲು, ತಡ ಮಾಡಬಾರದು. ಟೆಂಟಿನ ಹತ್ತಿರ ಆಂಬುಲೆನ್ಸ್ ಬೇಗ ಬರುತ್ತೋ ಇಲ್ಲವೋ. ಮುನೀಂದ್ರನಿಗೆ ಹೇಳು, ಆ ವಾರ ಕ್ಯಾಬು ಮನೆ ಹತ್ತಿರವೇ ಇಟ್ಟುಕೊಂಡಿರಲಿ. ನೋವು ಬಂತು ಅಂದ ತಕ್ಷಣ ಅವನೇ ಆಸ್ಪತ್ರೆಗೆ ಬಿಡಲಿ. ಅಕ್ಕ ಹೇಳಿದಳು ಅಂತ ಹೇಳು. ಮಾಡುತ್ತಾನೆ.

ಸಂಘಮಿತ್ರ


ಪೂರ್ವ ಸ್ಲೊವಾಕಿಯಾ
24 ಫೆಬ್ರವರಿ 2025

ಅಪ್ಪ,

ನಿನ್ನ ಪತ್ರ ಮೊನ್ನೆ ಸಿಕ್ಕಿತು. ಡ್ಯೂಟಿಗೆ ಹೊರಟಿದ್ದೆ. ಹೋಗಲಿಲ್ಲ.

ಇದನ್ನು ನಾನೂ ಪೋಸ್ಟಿನಲ್ಲೇ ಹಾಕುತ್ತಿದ್ದೇನೆ. ಈ ಮಧ್ಯೆ ನಾನು ಬರೆದ ಪತ್ರ ಅಮ್ಮನ ಫೋನಿಗೆ ಹೋಗಿದೆ. ಕ್ಯಾಬು ಅಂತೆಲ್ಲ ಬರೆದಿದ್ದೇನೆ. ನೀನು ನೋಡಿರದಿದ್ದರೆ ನೋಡಬೇಡ.

ಮುನೀಂದ್ರ ನಿನ್ನೆ ಫೋನ್ ಮಾಡಿದ. "ಅಕ್ಕ, ಅಪ್ಪಂಗೆ ನೀನಾದ್ರೂ ಹೇಳು. ಹೇಳಿಕೆ ವಾಪಸ್ ತಗೊಳ್ಳಲಿ. ನೀನು ಹೇಳಿದ್ರೆ ಕೇಳ್ತಾನೆ" ಅಂದ. ಅವನು ಚಿಕ್ಕವನಿದ್ದಾಗಿನ ದನಿ. ನಾನು ಬೈಯಬೇಕು ಅಂತ ಇದ್ದೆ. ಮಗು ಗಂಡಾ ಹೆಣ್ಣಾ ಅಂತ ಮಾತ್ರ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಅಮ್ಮನ ಕೈಗೆ ಕೊಡು ಅಂದೆ. ಅಮ್ಮ ಅಳುತ್ತಾಳೆ, ಉತ್ತರ ಹೇಳುವುದಿಲ್ಲ.

ನಿನ್ನ ಪತ್ರ ಎಷ್ಟೋ ಸಲ ಓದಿದೆ. ಅದರಲ್ಲೂ ಇಲ್ಲ.

ನನಗೆ ತಿಳಿಯಬೇಕು, ಅಪ್ಪ. ಯಾಕೆ ಅಂತ ಕೇಳಬೇಡ.

ದೂರಿನ ವಿಚಾರಣೆ ಮುಗಿಯಿತು. ಎಚ್ಚರಿಕೆ ಕೊಟ್ಟು ನನ್ನನ್ನು ಹೆರಿಗೆ ವಾರ್ಡಿನಿಂದ ವಯಸ್ಸಾದವರ ವಾರ್ಡಿಗೆ ಹಾಕಿದ್ದಾರೆ. ಕೊನೆಯ ಕೋಣೆ ಹಾಗೇ ಇದೆ. ಯೊಲಾನಾ ನನ್ನ ಮುಖ ನೋಡಿ ಏನಾಯಿತು ಅಂದಳು. ನಿನ್ನ ಪತ್ರ ತೆಗೆದು ಅವಳ ಕೈಗಿಟ್ಟೆ, ಅವಳಿಗೆ ಓದಲು ಬಾರದ ಅಕ್ಷರ.

ಸಂಘಮಿತ್ರ


ಹೊಸ ಕಾಲನಿ
16 ಮಾರ್ಚ್ 2025

ಮಗಳೇ,

ನೀನು ಕೇಳಿದ್ದು ಓದಿದೆ. ಠಾಣೆಗೆ ಹೋದೆ, ತಾಲ್ಲೂಕು ಕಚೇರಿಗೆ ಹೋದೆ, ಪೇಪರಿನವರ ಮುಂದೆ ಮಾತಾಡಿದೆ. ಎಲ್ಲ ಕಡೆ ಮಗು, ಮಗು ಅಂದೆ. ಗಂಡೋ ಹೆಣ್ಣೋ ಕೇಳಲೇ ಇಲ್ಲ. ಹೇಳಿಕೆ ಬರೆದುಕೊಂಡವರೂ ಕೇಳಲಿಲ್ಲ.

ಇವತ್ತು ಕೇಳಲು ಹೋದೆ. ತಹಶೀಲ್ದಾರರು ಬಂದು ಗೇಟು ಕೀಳಿಸಿದ್ದಾರೆ. ಗೋಡೆ ಇದೆ, ಆದಿನಾರಾಯಣಪ್ಪನವರು ಕೋರ್ಟಿನಿಂದ ತಡೆ ತಂದಿದ್ದಾರೆ. ಗೇಟಿದ್ದ ಜಾಗದಲ್ಲಿ ನಡೆದು ಹೋದೆ. ಕಾಲನಿಯವರು ನೋಡುತ್ತಿದ್ದರು. ಭವನದ ಜಾಗ ಕೈತಪ್ಪಿತು ಅಂತ ನನ್ನ ಮೇಲೆ ಸಿಟ್ಟು. ಪಿಳ್ಳಣ್ಣ ಒಬ್ಬ ಮಾತ್ರ ಸ್ವಲ್ಪ ದೂರ ಜೊತೆಗೆ ಬಂದು ನಿಂತುಬಿಟ್ಟ.

ಜಪಾನಮ್ಮ ಟೆಂಟಿನ ಮುಂದೆ ಹೂವಿನ ಕಡ್ಡಿಗಳಿಗೆ ಹಸಿರು ಕಾಗದ ಸುತ್ತುತ್ತಿದ್ದಳು. ನನ್ನನ್ನು ಕೂರು ಅನ್ನಲಿಲ್ಲ. ನಾನೇ ಹತ್ತಿರ ಹೋಗಿ ನೆಲದ ಮೇಲೆ ಕೂತು ಕೇಳಿದೆ.

"ಯಾಕೆ ಬೇಕು ನಿಂಗೆ?" ಅಂದಳು, ಕೇಳಿಸುವ ಹಾಗೆ ಗಟ್ಟಿಯಾಗಿ. "ಇನ್ನೂ ಎಲ್ಲಿ ಬರೀಬೇಕು?"

"ಎಲ್ಲೂ ಬರಿಯಲ್ಲವ್ವ. ನನ್ ಮಗಳು ಕೇಳವಳೆ."

"ನಿನ್ ಮಗ ಕೇಳ್ಲಿಲ್ವಾ?"

ಆಗ ಪ್ರಿಯಾಂಕ ಟೆಂಟಿನಿಂದ ಹೊರಗೆ ಬಂದಳು. ನಿನ್ನ ಸ್ವೆಟರ್ ಹಾಕಿಕೊಂಡಿರಲಿಲ್ಲ. ಬಹಳ ಸಣ್ಣಗಾಗಿದ್ದಾಳೆ. ನನ್ನ ಎದುರಿಗೆ ಕುಕ್ಕುರುಗಾಲಿನಲ್ಲಿ ಕೂತು, ನನ್ನ ಮುಖ ನೋಡುತ್ತಾ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಹೆಣ್ಣು. ಹೆಸ್ರೂ ಇಟ್ಟಿದ್ದೆ."

"ಏನಂತವ್ವ?"

ಅವಳು ಎದ್ದು ಒಳಗೆ ಹೋದಳು. ಹೇಳಲಿಲ್ಲ.

ನಾನು ಮತ್ತೆ ಕೇಳಲಿಲ್ಲ. ಅದು ಅವಳದು. ನೀನೂ ಕೇಳಬೇಡ.

ನಾಳೆ ಮುನೀಂದ್ರನನ್ನೂ ಆದಿನಾರಾಯಣಪ್ಪನವರನ್ನೂ ಠಾಣೆಗೆ ಕರೆಸಿದ್ದಾರೆ. ಅವರ ಎದುರಿಗೆ ನಾನು ಮತ್ತೆ ಹೇಳಬೇಕಂತೆ. ನಿನ್ನಮ್ಮನೂ ನೆಲಮಂಗಲದಿಂದ ಅವನ ಜೊತೆ ಬರುತ್ತಾಳೆ. ಕೈ ಮುಗಿಯುತ್ತಾಳೆ, ಗೊತ್ತು. ಹೇಗೆ ನೋಡಲಿ ಅವಳನ್ನು ಅಂತ ಬೆಳಗಿನಿಂದ ಯೋಚಿಸುತ್ತಿದ್ದೇನೆ. ಆದರೆ ಈ ಸಲ ಮಗು ಅಂತ ಅನ್ನುವುದಿಲ್ಲ. ಹೆಣ್ಣು ಮಗು, ಪ್ರಿಯಾಂಕಳ ಮಗಳು ಅಂತ ಬರೆದುಕೊಳ್ಳಿ ಅನ್ನುತ್ತೇನೆ. ಬರೆದುಕೊಳ್ಳುವ ತನಕ ಎದ್ದು ಬರುವುದಿಲ್ಲ.

ಅಪ್ಪ
ಸಂಜೀವಪ್ಪ